19 ತಿಂಗಳ ಮಗು, ತಾಯಿ ಒಬ್ಬರೇ: ಬೆಂಗಳೂರು – ಫ್ರಾಂಕ್‌ಫರ್ಟ್ – ಸ್ಯಾನ್ ಫ್ರಾನ್ಸಿಸ್ಕೊ, ಏನೇನು ನೋಡಿಕೊಳ್ಳಬೇಕು?

ನಾಗರಬಾವಿ_ಅಮ್ಮ:

ಮೇ ಮಧ್ಯದಲ್ಲಿ ಹೊರಡಬೇಕು. ಮಗಳಿಗೆ ಆಗ 19 ತಿಂಗಳು ತುಂಬಿರುತ್ತೆ. ತೂಕ 11 ಕೆ.ಜಿ., ಎತ್ತರ 82 ಸೆಂ.ಮೀ. ಯಜಮಾನರು ಬರ್ತಿಲ್ಲ, ನಾವಿಬ್ಬರೇ. ನೋಡಿಟ್ಟಿರುವ ಫ್ಲೈಟ್ ಬೆಳಗಿನ ಜಾವ 3 ಗಂಟೆಗೆ. ಫ್ರಾಂಕ್‌ಫರ್ಟ್‌ವರೆಗೆ 10 ಗಂಟೆ, ಅಲ್ಲಿ ಮೂರೂವರೆ ಗಂಟೆ ಕಾಯುವುದು, ಆಮೇಲೆ ಹನ್ನೊಂದೂವರೆ ಗಂಟೆ. ಅಣ್ಣನ ಮನೆ ಸ್ಯಾನ್ ಹೊಸೆಯಲ್ಲಿ. ವಾಪಸ್ ಬರುವುದು ಅಕ್ಟೋಬರ್ 28ಕ್ಕೆ. ಟಿಕೆಟ್ ಇನ್ನೂ ಮಾಡಿಸಿಲ್ಲ.

ಮಡಿಲಲ್ಲಿ ಕೂರಿಸಿಕೊಂಡು ಹೋಗೋದಾ, ಬೇರೆ ಸೀಟು ತಗೊಳ್ಳೋದಾ? ಬ್ಯಾಸಿನೆಟ್ (ವಿಮಾನದ ಗೋಡೆಗೆ ತಗುಲಿಸುವ ತೊಟ್ಟಿಲು) ಸಿಗುತ್ತಾ? ಊಟಕ್ಕೆ ಏನು ಒಯ್ಯಬಹುದು? ಪಕ್ಕದ ಮನೆಯವರು "ಒಂದು ಚಮಚ ಶೀತದ ಸಿರಪ್ ಹಾಕಿಬಿಡಿ, ಮಲ್ಕೊಂಡ್ ಬಿಡುತ್ತೆ" ಅಂತಾರೆ, ಅದು ಸರೀನಾ? ಇನ್ನೊಂದು, ಮಗಳ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇಲ್ಲ. ವೀಸಾದಲ್ಲಿ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬಂದಿದೆ. ಟಿಕೆಟ್‌ನಲ್ಲಿ ಹೇಗೆ ಬರೆಸಬೇಕು?

ಕಿಟಕಿ_ಸೀಟು:

ಮೊದಲು ವಾಪಸ್ ತಾರೀಖು ನೋಡಿ. ಮೇ ಮಧ್ಯಕ್ಕೆ 19 ತಿಂಗಳು ಅಂದರೆ ಅಕ್ಟೋಬರ್ 28ರ ಹೊತ್ತಿಗೆ ಅವಳಿಗೆ ಎರಡು ವರ್ಷ ದಾಟಿರುತ್ತೆ. ಏರ್‌ಲೈನ್‌ನವರು ವಯಸ್ಸು ಲೆಕ್ಕ ಹಾಕೋದು ಟಿಕೆಟ್ ಮಾಡಿಸಿದ ದಿನದ್ದಲ್ಲ, ಒಂದೊಂದು ವಿಮಾನ ಹೊರಡುವ ದಿನದ್ದು. ಹೋಗುವಾಗ ಮಡಿಲ ಮಗು, ಬರುವಾಗ ಅವಳಿಗೆ ಸ್ವಂತ ಸೀಟು ಕಡ್ಡಾಯ. ಎರಡೂ ಕಡೆಗೆ "ಇನ್‌ಫ್ಯಾಂಟ್" ಅಂತ ಹಾಕಿ ವೆಬ್‌ಸೈಟಲ್ಲಿ ಮಾಡಿಸಿಬಿಟ್ಟರೆ ವಾಪಸ್ ಬರುವ ದಿನ ಕೌಂಟರ್‌ನಲ್ಲಿ ಆ ದಿನದ ದರಕ್ಕೆ ಸೀಟು ಕೊಳ್ಳಬೇಕಾಗುತ್ತೆ, ಸೀಟು ಇದ್ದರೆ. ಕೆಲವರು ವಾಪಸ್ ಭಾಗಕ್ಕೆ ಮಾತ್ರ ಮಕ್ಕಳ ದರ ಹಾಕ್ತಾರೆ, ಕೆಲವರು ಪೂರ್ತಿ ಪ್ರಯಾಣಕ್ಕೇ ಹಾಕ್ತಾರೆ. ಹಾಗಾಗಿ ಇದನ್ನು ಫೋನ್ ಮಾಡಿಯೇ ಮಾಡಿಸಿ, ಹುಟ್ಟಿದ ತಾರೀಖು ಹೇಳಿ.

ದುಡ್ಡಿನ ಅಂದಾಜು: ಮಡಿಲ ಮಗುವಿಗೆ ಸಾಮಾನ್ಯವಾಗಿ ದೊಡ್ಡವರ ದರದ 10%, ಮೇಲೆ ತೆರಿಗೆ. ಸೀಟು ತಗೊಂಡರೆ ಹಲವು ಕಡೆ ಮುಕ್ಕಾಲು ಪಾಲು, ಕೆಲವು ಕಡೆ ಪೂರ್ತಿ.

ಬ್ಯಾಸಿನೆಟ್ ಆಸೆ ಬಿಟ್ಟುಬಿಡಿ. ಏರ್‌ಲೈನ್ ಮೇಲೆ ಹೋಗುತ್ತೆ, ಆದರೆ ಮಿತಿ 10ರಿಂದ 14 ಕೆ.ಜಿ. ಒಳಗೇ. ತೂಕದಲ್ಲಿ ಪಾಸಾದರೂ 82 ಸೆಂ.ಮೀ. ಮಗುವಿನ ಕಾಲು ಹೊರಗೆ ಬರುತ್ತೆ. ಸೀಟ್‌ಬೆಲ್ಟ್ ದೀಪ ಹೊತ್ತಿದಾಗೆಲ್ಲ ಮಲಗಿದ ಮಗುವನ್ನು ಎತ್ತಬೇಕು, ಎತ್ತಿದರೆ ಏಳುತ್ತೆ. ಬ್ಯಾಸಿನೆಟ್ ಹಾಕುವ ಗೋಡೆ ಮುಂದಿನ ಸಾಲಿನಲ್ಲಿ ಇನ್ನೊಂದು ತೊಂದರೆ: ಊಟದ ಟ್ರೇ ಸೀಟಿನ ಕೈಪಟ್ಟಿಯೊಳಗೇ (ಆರ್ಮ್‌ರೆಸ್ಟ್) ಇರೋದರಿಂದ ಕೈಪಟ್ಟಿ ಮೇಲೆತ್ತಕ್ಕಾಗಲ್ಲ, ಮಗು ಅಡ್ಡ ಮಲಗಕ್ಕಾಗಲ್ಲ. ಟೇಕಾಫ್, ಲ್ಯಾಂಡಿಂಗ್ ಹೊತ್ತಲ್ಲಿ ಬ್ಯಾಗ್ ಕಾಲ ಬಳಿ ಇಡುವ ಹಾಗೂ ಇಲ್ಲ. ಅಲ್ಲಿ ಜಾಗ ಇದೆ ಅಂತ ನೆಲದ ಮೇಲೆ ಮಲಗಿಸಬೇಡಿ. ಆಕ್ಸಿಜನ್ ಮಾಸ್ಕ್ ಅಲ್ಲಿಗೆ ಎಟಕಲ್ಲ.

ನನ್ನ ಲೆಕ್ಕದಲ್ಲಿ ನಿಮಗೆ ಹೋಗುವಾಗಲೂ ಸೀಟು ತಗೊಳ್ಳೋದೇ ಸರಿ. 11 ಕೆ.ಜಿ. ಮಗು, 21 ಗಂಟೆಗೂ ಮೇಲೆ ಗಾಳಿಯಲ್ಲಿ, ಕೈ ಬದಲಿಸಲು ಇನ್ನೊಬ್ಬರಿಲ್ಲ. ಮಗುವಿಗೆ ಕಿಟಕಿ, ನಿಮಗೆ ಪಕ್ಕದ್ದು. ಮಡಿಲಲ್ಲೇ ಅಂದರೆ ಐಲ್ ಸೀಟು ಹಿಡಿಯಿರಿ, ಟಾಯ್ಲೆಟ್‌ಗೆ ಹತ್ತಿರ ಇರಲಿ, ಆದರೆ ಅದರ ಬಾಗಿಲಿಗೆ ಅಂಟಿಕೊಂಡ ಸಾಲು ಬೇಡ, ರಾತ್ರಿಯಿಡೀ ಬೆಳಕು ಬೀಳುತ್ತೆ. ಒಂದೇ ಸೀಟುಗುಂಪಿನಲ್ಲಿ ಎರಡು ಮಡಿಲ ಮಕ್ಕಳನ್ನು ಬಿಡಲ್ಲ, ಯಾಕಂದರೆ ಅಲ್ಲಿ ಹೆಚ್ಚುವರಿ ಮಾಸ್ಕ್ ಇರೋದು ಒಂದೇ. ಸೀಟು ಬದಲಿಸಿ ಅಂತ ಕೊನೇ ಗಳಿಗೆಯಲ್ಲಿ ಹೇಳಿದರೆ ಹೆಚ್ಚಾಗಿ ಇದೇ ಕಾರಣ.

ಎಫ್‌ಎನ್‌ಯು ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ನಮ್ಮಲ್ಲಿ ಇನಿಶಿಯಲ್ ಬಿಟ್ಟು ಒಂದೇ ಹೆಸರಲ್ಲಿ ಪಾಸ್‌ಪೋರ್ಟ್ ಮಾಡಿಸಿದವರಿಗೆಲ್ಲ ಅಮೆರಿಕದ ವೀಸಾದಲ್ಲಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಹೀಗೇ ಬರುತ್ತೆ, ಗಾಬರಿ ಬೇಡ. ಟಿಕೆಟ್‌ಗೆ ಮಾತ್ರ ಒಂದೊಂದು ಏರ್‌ಲೈನ್ ಒಂದೊಂದು ಥರ: ಕೆಲವರು ಅದೇ ಹೆಸರನ್ನು ಎರಡು ಸಲ ಬರೀತಾರೆ, ಕೆಲವರು ಎಫ್‌ಎನ್‌ಯು ಹಾಕ್ತಾರೆ. ಪಾಸ್‌ಪೋರ್ಟ್, ವೀಸಾ ಎರಡನ್ನೂ ಕೈಯಲ್ಲಿ ಹಿಡ್ಕೊಂಡು ಆ ಫೋನ್ ಕರೆಯಲ್ಲೇ ಕೇಳಿ ಬರೆಸಿ.

ಮಕ್ಕಳ_ವಾರ್ಡ್:

ಸಿರಪ್ ಹಾಕಿ ಮಲಗಿಸೋದು ಬೇಡವೇ ಬೇಡ. ಪಕ್ಕದ ಮನೆಯವರು ಹೇಳ್ತಿರೋದು ಬಹುಶಃ ಪ್ರೊಮೆಥಜಿನ್, ಅಂದರೆ ಫೆನರ್ಗನ್. ಎರಡು ವರ್ಷದೊಳಗಿನ ಮಕ್ಕಳಿಗೆ ಅದರಿಂದ ಉಸಿರಾಟ ಕುಗ್ಗುವ ಅಪಾಯ ಇದೆ. ಅಮೆರಿಕದಲ್ಲಿ ಆ ವಯಸ್ಸಿಗೆ ಕೊಡಬಾರದು ಅಂತ ಬಾಟಲಿಯ ಮಾಹಿತಿ ಪತ್ರದಲ್ಲೇ ಚೌಕಟ್ಟು ಹಾಕಿ ಎಚ್ಚರಿಸಿದ್ದಾರೆ. ಬೇರೆ ಶೀತದ ಸಿರಪ್‌ಗಳೂ ಕೆಲವು ಮಕ್ಕಳಲ್ಲಿ ಉಲ್ಟಾ ಕೆಲಸ ಮಾಡುತ್ತವೆ. ನಿದ್ದೆ ಬರೋ ಬದಲು ಮಗು ಗಂಟೆಗಟ್ಟಲೆ ಕಿರುಚಾಡುತ್ತೆ.

ಪ್ಯಾರಸಿಟಮಾಲ್ ಒಂದು ಇರಲಿ, ಆದರೆ ಡೋಸನ್ನು ಮಿಲಿಯಲ್ಲಿ ಡಾಕ್ಟರ ಹತ್ತಿರ ಬರೆಸಿಕೊಂಡು ಬಾಟಲಿಗೆ ಅಂಟಿಸಿ. ಲೆಕ್ಕ ಕೆ.ಜಿ.ಗೆ 15 ಮಿ.ಗ್ರಾಂ., ಅಂದರೆ 11 ಕೆ.ಜಿ.ಗೆ ಒಂದು ಸಲಕ್ಕೆ ಸುಮಾರು 165 ಮಿ.ಗ್ರಾಂ. ತೊಂದರೆ ಏನಂದರೆ ನಮ್ಮಲ್ಲಿ 5 ಮಿಲಿಗೆ 120 ಇರೋದೂ ಸಿಗುತ್ತೆ, 250 ಇರೋದೂ ಸಿಗುತ್ತೆ, 1 ಮಿಲಿಗೆ 100 ಇರುವ ಡ್ರಾಪ್ಸೂ ಸಿಗುತ್ತೆ. 250ರದ್ದಾದರೆ 3.3 ಮಿಲಿ, 120ರದ್ದಾದರೆ ಸುಮಾರು 6.9 ಮಿಲಿ, ಡ್ರಾಪ್ಸ್ ಆದರೆ 1.6 ಮಿಲಿ. ನಿದ್ದೆಗಣ್ಣಲ್ಲಿ ಬಾಟಲಿ ಅದಲುಬದಲಾದರೆ ಎರಡು ಪಟ್ಟು, ನಾಲ್ಕು ಪಟ್ಟು ಹೋಗಿಬಿಡುತ್ತೆ. ಒಂದೇ ಬಾಟಲಿ ಒಯ್ಯಿರಿ, ಸಿರಿಂಜ್ ಜೊತೆಗೆ. ಅಮೆರಿಕದಲ್ಲಿ ಕೊಳ್ಳುವ ಮಕ್ಕಳ ಸಿರಪ್ 5 ಮಿಲಿಗೆ 160, ಅಲ್ಲಿ ಹೋದಮೇಲೆ ಊರಿನ ಅಳತೆ ನಡೆಯಲ್ಲ.

ಕಿವಿ ನೋಯೋದು ಏರುವಾಗಿಗಿಂತ ಇಳಿಯುವಾಗ ಜಾಸ್ತಿ. ಏರುವಾಗ ಕಿವಿಯೊಳಗಿನ ಗಾಳಿ ಮೂಗಿನ ಹಿಂದಿನ ನಾಳದಿಂದ ತಾನಾಗೇ ಹೊರಗೆ ಬರುತ್ತೆ. ಇಳಿಯುವಾಗ ಗಾಳಿ ಒಳಗೆ ಹೋಗಬೇಕಾದರೆ ನಾಳ ಬಾಯಿಬಿಡಬೇಕು, ಅದು ನುಂಗಿದಾಗಲೇ ಆಗೋದು. ಇಳಿಯೋದು ಶುರುವಾಗೋದು ಚಕ್ರ ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲು. ಆಗಲೇ ಎಬ್ಬಿಸಿ ಹಾಲೋ ನೀರೋ ಶುರು ಮಾಡಿ, ಗುಟುಕು ಗುಟುಕಾಗಿ. ಕೊನೇ ಐದು ನಿಮಿಷಕ್ಕೆ ಬಾಟಲಿ ಕೊಟ್ಟರೆ ತಡವಾಯ್ತು. ಮೂಗು ಕಟ್ಟಿದ್ದರೆ ಸ್ವಲ್ಪ ಮೊದಲು ಸಲೈನ್ ಡ್ರಾಪ್ಸ್ ಹಾಕಿ. ಹೊರಡುವ ಮೊದಲು ಕಿವಿ ಸೋರುತ್ತಿದ್ದರೆ ಅಥವಾ ಜ್ವರ ಇದ್ದರೆ ಡಾಕ್ಟರಿಗೆ ತೋರಿಸದೆ ಹತ್ತಬೇಡಿ.

ಸರಿಹಿಟ್ಟು:

ಊಟದ್ದು ಹೇಳ್ತೀನಿ. ಮಕ್ಕಳ ಊಟ ಕನಿಷ್ಠ 24 ಗಂಟೆ ಮೊದಲು ಹೇಳಿಡಿ, ಆದರೆ ಅದನ್ನೇ ನಂಬಬೇಡಿ. ಮಡಿಲ ಮಗುವಿಗೆ ಬರೋದು ಹೆಚ್ಚಾಗಿ ಶೀಷೆಯಲ್ಲಿ ರುಬ್ಬಿದ ಹಣ್ಣು, ತರಕಾರಿ. ಅನ್ನ ಸಾರು ತಿಂದು ಬೆಳೆದ ಮಗು ಅದನ್ನು ಮೂಸಿ ನೋಡಲ್ಲ.

ಬಿಸಿನೀರಿಗೆ ಆಗುವ ಪುಡಿಗಳೇ ಒಳ್ಳೇದು. ಪೇಪರ್ ಅವಲಕ್ಕಿ ಹುರಿದು, ಹುರಿದ ಹೆಸರುಬೇಳೆ ಸ್ವಲ್ಪ, ಜೀರಿಗೆ ಚಿಟಿಕೆ, ಉಪ್ಪು ಹಾಕಿ ನುಣ್ಣಗೆ ಪುಡಿ ಮಾಡಿ. ಒಂದು ಊಟಕ್ಕೆ ನಾಲ್ಕು ದೊಡ್ಡ ಚಮಚದಂತೆ ಬೇರೆ ಬೇರೆ ಜಿಪ್ ಕವರಿನಲ್ಲಿ ತುಂಬಿ, ಇಂಥವು ಐದು. ಸುಮಾರು ಮುಕ್ಕಾಲು ಲೋಟ ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಡಿ. ರಾಗಿ ಸರಿ ಇದಕ್ಕೆ ಆಗಲ್ಲ, ಅದನ್ನು ಒಲೆ ಮೇಲೆ ಕುದಿಸಲೇಬೇಕು, ಫ್ಲಾಸ್ಕ್ ನೀರಿಗೆ ಹಸಿ ಹಸಿ ಉಳಿಯುತ್ತೆ. ನೀರು ಕೇಳುವಾಗ ಬಾಟಲಿ ನೀರನ್ನೇ ಬಿಸಿ ಮಾಡಿಕೊಡಿ ಅನ್ನಿ, ವಿಮಾನದ ಟ್ಯಾಂಕ್ ನೀರು ಮಗುವಿಗೆ ಬೇಡ. ಅವರು ಕೊಡೋದು ಕೈ ಸುಡುವಷ್ಟು ಬಿಸಿ ಇರುತ್ತೆ. ಮಗು ಮಡಿಲಲ್ಲಿದ್ದಾಗ ಲೋಟ ಕೈಗೆ ತಗೋಬೇಡಿ, ಗ್ಯಾಲಿಯಲ್ಲೇ (ವಿಮಾನದ ಅಡುಗೆ ಜಾಗ) ಫ್ಲಾಸ್ಕ್‌ಗೆ ತುಂಬಿಸಿ ಮುಚ್ಚಳ ಹಾಕಿಸಿಕೊಳ್ಳಿ.

ಮೊದಲ ಫ್ಲೈಟ್‌ಗೆ ಪುಟ್ಟ ಇಡ್ಲಿ ತುಪ್ಪ ಸವರಿ, ಚಪಾತಿ ಬೆಲ್ಲ ಸುರುಳಿ. ಮೊಸರನ್ನ ಒಯ್ಯಬೇಡಿ, ಫ್ರಾಂಕ್‌ಫರ್ಟ್ ಹೊತ್ತಿಗೆ ಹುಳಿ ಹಿಡಿದಿರುತ್ತೆ. ಕಡಲೆಬೀಜ, ಚಿಕ್ಕಿ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್ ಬೇಡ. ವಿಮಾನ ಅಲುಗಾಡುವಾಗ ಗಂಟಲಿಗೆ ಸಿಕ್ಕಿಕೊಳ್ಳುವಂಥವು ಇವೇ.

ಡೈಪರ್ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ 30 ಗಂಟೆ ಅಂತ ಲೆಕ್ಕ ಹಾಕಿ: ಎರಡೂವರೆ ಗಂಟೆಗೊಂದರಂತೆ 12, ಭೇದಿಯಾದರೆ ಅಂತ ಇನ್ನೂ 4. ಪ್ಯಾಂಟ್ ಥರದ್ದು ಒಯ್ಯಿರಿ, ನಿಲ್ಲಿಸಿಕೊಂಡೇ ಬದಲಿಸಬಹುದು, ಬಿಚ್ಚುವಾಗ ಪಕ್ಕ ಹರಿದರಾಯ್ತು. ಮಡಚುವ ಹಲಗೆ ಎಲ್ಲ ಟಾಯ್ಲೆಟ್‌ನಲ್ಲೂ ಇರಲ್ಲ, ಹತ್ತಿದ ತಕ್ಷಣ ಯಾವುದರಲ್ಲಿದೆ ಕೇಳಿಟ್ಟುಕೊಳ್ಳಿ. ಮಗುವಿಗೆ ಮೂರು ಜೊತೆ ಬಟ್ಟೆ, ನಿಮಗೊಂದು ಟೀ ಶರ್ಟ್. ವಾಂತಿ ಆಗೋದು ನಿಮ್ಮ ಮೇಲೇ.

ಇವೆಲ್ಲ ಮೇಲಿನ ಬ್ಯಾಗಿನಲ್ಲಿ. ಕಾಲಬಳಿ ಒಂದು ಸಣ್ಣ ಚೀಲ: ಎರಡು ಡೈಪರ್, ವೈಪ್ಸ್, ಒಂದು ಊಟ, ನೀರು, ಪ್ಯಾರಸಿಟಮಾಲ್, ಎರಡು ಆಟಿಕೆ. ಬೆಲ್ಟ್ ದೀಪ ಹೊತ್ತಿರುವಾಗ ಕೈಗೆಟಕೋದು ಅದೊಂದೇ.

ನಾಗರಬಾವಿ_ಅಮ್ಮ:

ತುಂಬ ಥ್ಯಾಂಕ್ಸ್. ವಾಪಸ್ ತಾರೀಖಿನ ವಿಷಯ ತಲೆಗೇ ಬಂದಿರಲಿಲ್ಲ. ಸೀಟು ತಗೊಂಡರೆ ಇಲ್ಲಿನ ಕಾರ್ ಸೀಟ್ ಒಯ್ಯಬೇಕಾ? ಒಬ್ಬಳೇ ಇರುವಾಗ ಟಾಯ್ಲೆಟ್‌ಗೆ ಏನು ಮಾಡೋದು? ಇಮಿಗ್ರೇಷನ್‌ನಲ್ಲಿ ಅಪ್ಪನ ಕಾಗದ ಕೇಳ್ತಾರಾ?

ಫ್ರೀಮಾಂಟ್_ಕನ್ನಡಿಗ:

ಊರಲ್ಲಿ ಕೊಂಡ ಕಾರ್ ಸೀಟ್ ತರಬೇಡಿ. ಭಾರತದಲ್ಲಿ ಸಿಗೋದು ಹೆಚ್ಚಾಗಿ ಯುರೋಪಿನ ಮಾನದಂಡದ್ದು, ಅಮೆರಿಕದ ರಸ್ತೆಯಲ್ಲಿ ಬೇಕಾದದ್ದು ಅಲ್ಲಿನ ಸುರಕ್ಷತಾ ಮಾನದಂಡ ಎಫ್‌ಎಂವಿಎಸ್‌ಎಸ್ 213ರದ್ದು. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷದೊಳಗಿನ ಮಗು ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲೇ ಕೂರಬೇಕು, 40 ಪೌಂಡ್ ತೂಕ ಅಥವಾ 40 ಇಂಚು ಎತ್ತರ ಆಗುವ ತನಕ ವಿನಾಯಿತಿ ಇಲ್ಲ. ಅಣ್ಣನಿಗೆ ಈಗಲೇ ಹೇಳಿ, ಸೀಟ್ ಕೊಂಡು ಕಾರಿಗೆ ಕಟ್ಟಿಕೊಂಡೇ ಏರ್‌ಪೋರ್ಟಿಗೆ ಬರಲಿ. "ಹತ್ತಿರಾನೇ ಅಲ್ವಾ, ಮಡಿಲಲ್ಲಿ ಕೂರಿಸ್ಕೋ" ಅನ್ನೋದು ಇಲ್ಲಿ ನಡೆಯಲ್ಲ.

ವಿಮಾನದ ಸೀಟಿಗೆ ಕೇರ್ಸ್ ಅನ್ನುವ ಬೆಲ್ಟ್ ಇದೆ: 10ರಿಂದ 20 ಕೆ.ಜಿ. ಮಕ್ಕಳಿಗೆ, ಎತ್ತರ ಒಂದು ಮೀಟರಿನ ಒಳಗೆ. ಸೀಟಿನ ಬೆನ್ನಿಗೆ ಸುತ್ತಿ ಕಟ್ಟುವುದು, ಕೈಚೀಲದಲ್ಲಿ ಹಿಡಿಯುತ್ತೆ. ಮಗುವಿಗೆ ಸ್ವಂತ ಸೀಟು ಇದ್ದರೆ ಮಾತ್ರ ಬಳಸಬಹುದು, ಏರ್‌ಲೈನ್ ಒಪ್ಪುತ್ತಾ ಅಂತ ಮೊದಲೇ ಕೇಳಿ. ಕಾಲ ಬಳಿ ಗಾಳಿ ತುಂಬಿ ಹಾಸಿಗೆ ಮಾಡುವ ದಿಂಬನ್ನು ಹಲವು ಏರ್‌ಲೈನ್‌ಗಳು ಬಿಡಲ್ಲ.

ಟಾಯ್ಲೆಟ್‌ಗೆ: ಮಗುವನ್ನು ಎದೆಗೆ ಕಟ್ಟುವ ಕ್ಯಾರಿಯರ್‌ನಲ್ಲಿ ಹಾಕಿಕೊಂಡೇ ಹೋಗಿ. ಎಲಾಸ್ಟಿಕ್ ಪ್ಯಾಂಟ್ ಹಾಕಿಕೊಳ್ಳಿ, ಲಾಡಿ, ಜಿಪ್ ಇರುವುದು ಬೇಡ. ಟೇಕಾಫ್, ಲ್ಯಾಂಡಿಂಗ್‌ನಲ್ಲಿ ಕ್ಯಾರಿಯರ್ ಬಿಚ್ಚಿಸ್ತಾರೆ. ಬೆಂಗಳೂರಿನ ಸೆಕ್ಯುರಿಟಿಯಲ್ಲೂ ಮಗುವನ್ನು ಹೊರಗೆ ತೆಗೆದು ಕ್ಯಾರಿಯರನ್ನು ಎಕ್ಸ್‌ರೇಗೆ ಹಾಕಬೇಕು.

ಅಪ್ಪನ ಕಾಗದ ಎಲ್ಲರನ್ನೂ ಕೇಳಲ್ಲ, ಕೇಳಿದಾಗ ಇಲ್ಲದಿದ್ದರೆ ಕಷ್ಟ. ಪ್ರಯಾಣದ ತಾರೀಖು, ಇಬ್ಬರ ಪಾಸ್‌ಪೋರ್ಟ್ ನಂಬರ್ ಬರೆದು ಒಪ್ಪಿಗೆ ಪತ್ರ ನೋಟರಿ ಮಾಡಿಸಿ. ಜೊತೆಗೆ ಇ-ಜನ್ಮದಿಂದ (ಜನನ, ಮರಣ ನೋಂದಣಿಯ ಸರ್ಕಾರಿ ವೆಬ್‌ಸೈಟ್) ತೆಗೆದ ಜನನ ಪ್ರಮಾಣಪತ್ರ. ನಿಮ್ಮ ಹೆಸರಿಗೂ ಮಗಳ ಹೆಸರಿಗೂ ಸಂಬಂಧ ಕಾಣದಿದ್ದರೆ ಇದೇ ಆಧಾರ.

ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ಸೆಕ್ಯುರಿಟಿ ಇರುತ್ತೆ. ಬೆಂಗಳೂರಲ್ಲಿ ತುಂಬಿಸಿದ ನೀರಿನ ಬಾಟಲಿ ಅಲ್ಲಿಗೆ ಹೋಗುವ ಮೊದಲೇ ಖಾಲಿ ಮಾಡಿ. ಮಗುವಿನ ಹಾಲು, ಊಟಕ್ಕೆ 100 ಮಿಲಿ ಮಿತಿ ಅನ್ವಯಿಸಲ್ಲ, ಆದರೆ ಬೇರೆ ತೆಗೆದಿಟ್ಟು ತೋರಿಸಬೇಕು. ಅಮೆರಿಕದ ಗೇಟಿನಲ್ಲಿ ಕಾಗದಪತ್ರ ಮತ್ತೆ ನೋಡ್ತಾರೆ, ಒಂದು ಗಂಟೆ ಮೊದಲೇ ಅಲ್ಲಿರಿ. ಗೇಟಿನಲ್ಲಿ ಕೊಟ್ಟ ಸ್ಟ್ರಾಲರ್ ನಡುವೆ ಕೈಗೆ ಸಿಗದೆ ನೇರ ಸ್ಯಾನ್ ಫ್ರಾನ್ಸಿಸ್ಕೊಗೇ ಹೋಗಬಹುದು. ಅದನ್ನು ನಂಬಿಕೊಂಡಿರಬೇಡಿ.

ಇಳಿದಾಗ ಕಸ್ಟಮ್ಸ್‌ನಲ್ಲಿ "ಊಟದ ಸಾಮಾನು ಇದೆ" ಅಂತಲೇ ಹೇಳಿ. ಅಕ್ಕಿ, ಕಡಲೆ ಕಾಳು ಒಯ್ಯಬೇಡಿ. ಕಾಳು ತಿನ್ನುವ ಖಾಪ್ರಾ ಹುಳದ ಭಯಕ್ಕೆ ಭಾರತದಿಂದ ಇವನ್ನು ಪ್ರಯಾಣಿಕರ ಬ್ಯಾಗಿನಲ್ಲಿ ಬಿಡಲ್ಲ. ಉಳಿದ ಹಣ್ಣು ವಿಮಾನದಲ್ಲೇ ಬಿಟ್ಟುಬಿಡಿ.

ಕಿಟಕಿ_ಸೀಟು:

ನಿದ್ದೆ ವಿಷಯ ಯಾರೂ ಹೇಳಲಿಲ್ಲ. ಎಲ್ಲವನ್ನೂ ನಮ್ಮ ಗಡಿಯಾರದಲ್ಲೇ ನೋಡಿ. ಮೊದಲ ಫ್ಲೈಟ್ ಬೆಳಗಿನ ಜಾವ 3ರಿಂದ ಮಧ್ಯಾಹ್ನ 1ರ ತನಕ. ಹಿಂದಿನ ಸಂಜೆ ಮನೆಯಲ್ಲಿ 7:30ಕ್ಕೇ ಮಲಗಿಸಿ, ವಿಮಾನದ ಬಟ್ಟೆಯಲ್ಲೇ, ನಿದ್ದೆಯಲ್ಲೇ ಕಾರಿಗೆ ಎತ್ತಿ. ಫ್ರಾಂಕ್‌ಫರ್ಟ್‌ನಲ್ಲಿ 1ರಿಂದ 4:30, ಅವಳ ಮಧ್ಯಾಹ್ನದ ನಿದ್ದೆಯ ಹೊತ್ತು. ಅಲ್ಲಿ ಮೊದಲೊಂದು ಗಂಟೆ ನಡೆಸಿ, ಆಮೇಲೆ ಮುಕ್ಕಾಲು ಗಂಟೆ ನಿದ್ದೆ ಸಾಕು. 4 ಗಂಟೆ ತನಕ ಮಲಗಲು ಬಿಟ್ಟರೆ ಮುಂದಿನ ಫ್ಲೈಟ್ ಹಾಳು. ಎರಡನೆಯದು ಸಂಜೆ 4:30ರಿಂದ ಮರುದಿನ ಬೆಳಗಿನ ಜಾವ 4ರ ತನಕ. ಮೊದಲ ಮೂರು ಗಂಟೆಗೇ ಆಟಿಕೆ, ಸ್ಟಿಕರ್, ಕಾರ್ಟೂನ್ ಎಲ್ಲ ಉಳಿಸಿಡಿ. 8ಕ್ಕೆ ಊಟ, ಡೈಪರ್, ರಾತ್ರಿ ಬಟ್ಟೆ, ಮನೆಯ ಹೊದಿಕೆ. ಹೊದಿಕೆ ಒಗೆಯದೆ ತನ್ನಿ, ವಾಸನೆ ಗುರುತು ಹತ್ತುತ್ತೆ.

ಇಳಿಯುವಾಗ ಅಲ್ಲಿ ಮಧ್ಯಾಹ್ನ ಮೂರೂವರೆ, ಅವಳಿಗೆ ಬೆಳಗಿನ ಜಾವ ನಾಲ್ಕು. ಇಮಿಗ್ರೇಷನ್ ಸಾಲಿನಲ್ಲಿ ನಿದ್ದೆ ಮಾಡೋ ಮಗುವನ್ನು ಹೊತ್ತು ನಿಲ್ಲಬೇಕು, ಕ್ಯಾರಿಯರ್ ಕೈಗೆಟಕುವ ಹಾಗೆ ಇಟ್ಟುಕೊಳ್ಳಿ.

ಫ್ರೀಮಾಂಟ್_ಕನ್ನಡಿಗ:

ಅದಕ್ಕೆ ಸೇರಿಸಿ: ಮೊದಲ ಮೂರ್ನಾಲ್ಕು ರಾತ್ರಿ ಎರಡು ಗಂಟೆಗೆ ಎದ್ದು ಊಟ ಕೇಳ್ತಾಳೆ. ಹೊಟ್ಟೆಗೆ ಅದು ಮಧ್ಯಾಹ್ನ ಎರಡೂವರೆ. ಬಾಳೆಹಣ್ಣು, ಹಾಲು ಹಾಸಿಗೆ ಪಕ್ಕವೇ ಇರಲಿ, ದೀಪ ಹಾಕಬೇಡಿ, ಟಿವಿ ಬೇಡ. ಬೆಳಿಗ್ಗೆ ಏಳಕ್ಕೆಲ್ಲ ಬಿಸಿಲಿಗೆ ಕರ್ಕೊಂಡು ಹೋಗಿ. ಹಗಲಲ್ಲಿ ಎರಡು ಗಂಟೆಗಿಂತ ಜಾಸ್ತಿ ಮಲಗಿದರೆ ಎಬ್ಬಿಸಿ, ಅಳಲಿ ಪರವಾಗಿಲ್ಲ. ಅಂಗಡಿಯಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಗಮ್ಮಿ ಚೀಟಿ ಇಲ್ಲದೆ ಸಿಗುತ್ತೆ, ಡಾಕ್ಟರ್ ಹೇಳದೆ ಈ ವಯಸ್ಸಿಗೆ ಕೊಡಬೇಡಿ.