ಕಾರ್ಡಿನ ಮೇಲೆ ಗೆರೆ ನೆಟ್ಟಗೆ, ಆಕಾರ ಅಚ್ಚುಕಟ್ಟಾಗಿ ಬರಲು ಏನು ಮಾಡ್ತೀರಿ?

ಗದಗಿನಿಂದ ಕೇಳಿದ್ದು:
ದಸರಾದಲ್ಲಿ ಬನ್ನಿ ಜೊತೆ ಕೊಡೋಣ ಅಂತ ಈ ಸಲ ಕಾರ್ಡ್ ನಾನೇ ಮಾಡುತ್ತಿದ್ದೇನೆ. ಅಂಚಿನ ಗೆರೆ ಹಾಕಿ ಸ್ಕೇಲ್ ಎತ್ತಿದರೆ ಶಾಯಿ ಹರಡಿರುತ್ತದೆ. ಸ್ಕೇಲ್ ಇಲ್ಲದೆ ಎಳೆದರೆ ಗೆರೆ ನಡುಗುತ್ತದೆ. ದುಂಡಗೆ ಬರೆದದ್ದೆಲ್ಲ ಸೊಟ್ಟ. ನೀವೆಲ್ಲ ಹೇಗೆ ಮಾಡ್ತೀರಿ, ಹೇಳ್ರಿ.

ಧಾರವಾಡದಿಂದ:
ಅಕ್ಕಾರೆ, ಸ್ಕೇಲ್ ಪೆನ್ಸಿಲ್‌ಗಷ್ಟೇ ಇರಲಿ. 2ಎಚ್ ಪೆನ್ಸಿಲ್‌ನಲ್ಲಿ ಒತ್ತದೆ, ಕಂಡೂ ಕಾಣದ ಹಾಗೆ ಗೆರೆ ಎಳೆದುಕೊಳ್ಳಿ. ಆಮೇಲೆ ಸ್ಕೇಲ್ ಬದಿಗಿಟ್ಟು ಅದರ ಮೇಲೆ ಪೆನ್ನು ನಡೆಸಿ. ಬರೀ ಬೆರಳಲ್ಲಿ ಎಳೆದರೆ ಗೆರೆ ನಡುಗಿಯೇ ನಡುಗುತ್ತದೆ. ಉದ್ದ ಗೆರೆಗೆ ಇಡೀ ತೋಳು ಸರಿಯಬೇಕು, ಕಣ್ಣು ಗೆರೆ ಮುಗಿಯುವ ಜಾಗದ ಮೇಲಿರಬೇಕು. ಮೂಲೆ ಬಂದಾಗ ಕಾರ್ಡನ್ನೇ ತಿರುಗಿಸಿ. ಅಲ್ಲಲ್ಲಿ ಒಂಚೂರು ಅಲುಗಿದ್ದರೆ ಇರಲಿ ಬಿಡಿ, ಅಚ್ಚು ಹಾಕಿದ್ದು ಅಂಗಡಿಯಲ್ಲೇ ಸಿಗುತ್ತದೆ ಅಲ್ವಾ.

ಹುಬ್ಬಳ್ಳಿಯಿಂದ:
ನನಗೆ ಮಾತ್ರ ಜೋಡಿ ಗೆರೆಗೆ ಸ್ಕೇಲೇ ಬೇಕು. ಸ್ಕೇಲಿನ ಹಿಂಬದಿಗೆ, ಅಂಚಿನಿಂದ 3 ಮಿಲಿಮೀಟರ್ ಒಳಗೆ, ಸೆಲ್ಲೋಟೇಪ್ ಎರಡು ಮೂರು ಪದರ ಅಂಟಿಸಿ. ಅಂಚು ಕಾಗದಕ್ಕೆ ತಾಗದೆ ಚೂರು ಮೇಲೆ ನಿಲ್ಲುತ್ತದೆ, ಶಾಯಿ ಕೆಳಗೆ ನುಸುಳುವುದಿಲ್ಲ. ಜೆಲ್ ಪೆನ್ ಒಣಗುವುದು ನಿಧಾನ, ಮಳೆ ಹಿಡಿದಾಗಂತೂ ಜಾಸ್ತಿ ನಿಧಾನ. ಪಿಗ್ಮೆಂಟ್ ಶಾಯಿಯ ಫೈನ್‌ಲೈನರ್ (ಸಣ್ಣ ತುದಿಯ ಪೆನ್) ತಗೊಳ್ಳಿ, 0.3 ಇಲ್ಲವೇ 0.5ರದ್ದು.

ಹಾವೇರಿಯಿಂದ:
ದುಂಡಕ್ಕೆ ಬಳೆ, ಡಬ್ಬಿ ಮುಚ್ಚಳ ಸಾಕು. ಕೈವಾರವೇ ಬೇಕಂದ್ರೆ ಮುಳ್ಳು ಊರುವ ಕಡೆ ದಪ್ಪ ರಟ್ಟಿನ ತುಣುಕು ಇಡಿ, ಕಾರ್ಡಿಗೆ ತೂತು ಬೀಳುವುದಿಲ್ಲ. ಬನ್ನಿ ಎಲೆ ಬರೆಯುವುದಾದರೆ ಮೊದಲು ನಡುವಿನ ಕಡ್ಡಿ, ಒಂದೇ ಎಳೆತಕ್ಕೆ, ಸ್ವಲ್ಪ ಬಾಗಿಸಿ. ಆಮೇಲೆ ತುದಿಯಿಂದ ಬುಡದ ಕಡೆ ಸಣ್ಣೆಲೆಗಳು ಜೋಡಿ ಜೋಡಿಯಾಗಿ. ಒಂದೊಂದು ಎಲೆಗೂ ಎರಡೇ ಗೆರೆ: ಕಡ್ಡಿಯಿಂದ ಹೊರಗೆ ಒಂದು, ವಾಪಸ್ ಒಳಗೆ ಒಂದು. ತಿದ್ದಲು ಹೋಗಬೇಡಿ, ತಿದ್ದಿದಷ್ಟೂ ದಪ್ಪ ಆಗುತ್ತದೆ.

ಧಾರವಾಡದಿಂದ ಇನ್ನೊಬ್ಬರು:
ಅಂಚಿಗೆ ಕಸೂತಿ ಇಳಿಸಿ ನೋಡಿ. ನನಗೆ ಬಹಳ ಇಷ್ಟದ ದಾರಿ ಇದು. ಬಟ್ಟೆಯಲ್ಲಿ ಎಳೆ ಎಣಿಸಿ ಹಾಕುತ್ತೇವಲ್ಲ, ಇಲ್ಲಿ 5 ಮಿಲಿಮೀಟರಿಗೊಂದು ಪೆನ್ಸಿಲ್ ಚುಕ್ಕಿ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹೋಗಿ, ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಪೆನ್ನಿಗೂ ಹಾಗೇ ಮಾಡಿ. ಗೆರೆ ಗಿಡ್ಡ ಇರುವುದರಿಂದ ಕೈ ನಡುಗಲು ಜಾಗವೇ ಇರುವುದಿಲ್ಲ. ಗವಂತಿ ಕೂತ ಮೇಲೆ ಮುರ್ಗಿ ಹೊಲಿಗೆಯ ಮೆಟ್ಟಿಲು, ಅದಾದ ಮೇಲೆ ಗೋಪುರ. ಕಾಗದ ನುಣುಪಾಗಿರಲಿ, 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಕ) ಇರಲಿ. ಒರಟು ಕಾಗದ ಶಾಯಿ ಹೀರಿ ಗೆರೆಗೆ ಕೂದಲು ಎಬ್ಬಿಸುತ್ತದೆ. ಎ5 ಹಾಳೆ ಮಡಚಿದರೆ ಕಾರ್ಡ್ 105ಕ್ಕೆ 148 ಮಿಲಿಮೀಟರ್. 105ರಲ್ಲಿ ಐದರ ಲೆಕ್ಕ ಸರಿಯಾಗಿ ಕೂರುತ್ತದೆ, 148ರಲ್ಲಿ 3 ಉಳಿಯುತ್ತದೆ. ಅದಕ್ಕೇ ಉದ್ದದ ಬದಿಯಲ್ಲಿ ಚುಕ್ಕಿ ಇಡುವುದನ್ನು ನಡುವಿನಿಂದ ಶುರು ಮಾಡಿ, ಉಳಿದದ್ದು ಎರಡೂ ಮೂಲೆಗೆ ಸಮ ಹಂಚಿಹೋಗುತ್ತದೆ.