ಮೆಸ್ ಜೊತೆ ಬಾರ್ ಮಾಡಬೇಕು, ಸನ್ನದಿನ ಅನುಭವ ಇದ್ದವರು ಹೇಳಿ

ಶಿವಮೊಗ್ಗ ಹತ್ತಿರ ಎಂಟು ವರ್ಷದಿಂದ ನಾಟಿಕೋಳಿ ಊಟದ ಮೆಸ್ ನಡೆಸುತ್ತಿದ್ದೇನೆ. ಹೊಸ ಸಿಎಲ್-9 (ಬಾರ್ ಮತ್ತು ರೆಸ್ಟೋರೆಂಟ್ ಸನ್ನದು, ಅಂದರೆ ಲೈಸೆನ್ಸ್) ಸುಲಭಕ್ಕೆ ಸಿಗಲ್ಲ ಅಂತ ಗೊತ್ತು. ಯಾರದ್ದಾದರೂ ಲೀಸ್‌ಗೆ ಹಿಡಿಯಲಾ, ಲಾಡ್ಜ್ ಕಟ್ಟಿಸಿ ಸಿಎಲ್-7ಕ್ಕೆ (ಲಾಡ್ಜ್ ಇರೋ ಹೋಟೆಲಿಗೆ ಕೊಡೋ ಬಾರ್ ಸನ್ನದು) ಅರ್ಜಿ ಹಾಕಲಾ?

ಹಾಸನದಿಂದ: ಲೀಸ್ ಬೇಡವೇ ಬೇಡ. 12 ಲಕ್ಷ ಅಡ್ವಾನ್ಸ್, ತಿಂಗಳಿಗೆ 1 ಲಕ್ಷ 10 ಸಾವಿರ ಕೊಟ್ಟೆ. ಚಿಮಣಿಗೇ 1 ಲಕ್ಷ 80 ಸಾವಿರ ಆಯ್ತು. ಸನ್ನದು ಅವರ ಹೆಸರಲ್ಲಿ, ಮದ್ಯ ತರೋ ಸರ್ಕಾರಿ ಡಿಪೋ ಬಿಲ್ಲೂ ಅವರ ಹೆಸರಲ್ಲಿ, ಕಾಗದದ ಮೇಲೆ ನಾನು ಬರೀ ಮ್ಯಾನೇಜರ್. ಎರಡನೇ ವರ್ಷ ಜೂನ್ ಕೊನೆಗೆ, ರಿನ್ಯೂವಲ್ ಹೊತ್ತಲ್ಲಿ, ಬಾಡಿಗೆ ಡಬಲ್ ಕೇಳಿದರು. ಕೋರ್ಟಿಗೆ ಹೋಗೋಣ ಅಂದರೆ ಸನ್ನದು ಲೀಸ್‌ಗೆ ಕೊಡೋ ಒಪ್ಪಂದವೇ ನಿಯಮಕ್ಕೆ ವಿರುದ್ಧ. ಫ್ರಿಜ್ಜು, ಟೇಬಲ್ಲು ಎಲ್ಲ ಅಲ್ಲೇ ಬಿಟ್ಟು ಬಂದೆ.

ತುಮಕೂರಿನಿಂದ: ಅದಕ್ಕೇ ನಾನು ಸಾಲ ಮಾಡಿ ಸ್ವಂತ ಲಾಡ್ಜ್ ಕಟ್ಟಿಸಿದೆ. ಸಿಎಲ್-7ಕ್ಕೆ ನಮ್ಮ ಕಡೆ 15 ಡಬಲ್ ರೂಮು ಬೇಕಿತ್ತು, ನನಗೆ 14 ಕೂತವು. ಮೇಲಿನ ಮಹಡಿಯ ಸ್ಟೋರ್ ಒಡೆದು, ಬಾತ್‌ರೂಮ್ ಪೈಪ್ ಎಳೆದು ಹದಿನೈದನೆಯದು ಮಾಡಿಸಿದೆ. ಅದೊಂದಕ್ಕೇ 4 ಲಕ್ಷ 30 ಸಾವಿರ. ಬಾರು ಶಾಲೆಗೆ ತೀರ ಹತ್ತಿರ ಇರಬಾರದು ಅಂತ ಶಾಲೆ ಗೇಟಿನಿಂದ ಟೇಪ್ ಹಿಡಿದು ಅಳೆದರು, 104 ಮೀಟರ್ ಬಂತು, ಸ್ವಲ್ಪದರಲ್ಲೇ ಪಾರಾದೆ. ಆವತ್ತು ಊಟ ಸೇರಲಿಲ್ಲ ನನಗೆ. ಈಗ ಯಾರ ಹಂಗೂ ಇಲ್ಲ.

ಹಾಸನದಿಂದ: ಎಲ್ಲರಿಗೂ ಅಪ್ಪ ಮಾಡಿಟ್ಟ ಜಾಗ ಇರಲ್ಲ ಸ್ವಾಮಿ.

ತುಮಕೂರಿನಿಂದ: ಜಾಗ ನಾನು ದುಡಿದು ಕೊಂಡಿದ್ದು. ಗೊತ್ತಿಲ್ಲದೆ ಮಾತಾಡಬೇಡಿ.

ಚಿತ್ರದುರ್ಗದಿಂದ: ಶಾಲೆಯಷ್ಟೇ ಅಲ್ಲ, ಹೆದ್ದಾರಿ ನೋಡಿಕೊಳ್ಳಿ. ನಮ್ಮದು ಸ್ವಂತ ಸಿಎಲ್-9, 2017ರ ಜುಲೈ 1ಕ್ಕೆ ಬಾಗಿಲು ಹಾಕಿದೆವು. ಬಾರು ಹೆದ್ದಾರಿಯಿಂದ 500 ಮೀಟರ್ ದೂರ ಇರಬೇಕು, 20 ಸಾವಿರದೊಳಗೆ ಜನ ಇರೋ ಊರಿಗೆ 220 ಸಾಕು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮದು 190. ಆ ತಿಂಗಳೇ ನಗರಸಭೆ, ಪುರಸಭೆಯವರಿಗೆ ವಿನಾಯಿತಿ ಸಿಕ್ಕಿತು. ನಾವು ಗ್ರಾಮ ಪಂಚಾಯಿತಿ, ಕೂತು ನೋಡಿದೆವು. ಅಡುಗೆ ಭಟ್ಟರು ಮೂರು ಜನ ಬಿಟ್ಟು ಹೋದರು.

ಮೈಸೂರಿನಿಂದ: ಸಿಎಲ್-7 ಪಕ್ಕದ ಮನೆಯವಳು ನಾನು. ಹೆಸರಿಗೆ ಲಾಡ್ಜ್, ರೂಮಿನಲ್ಲಿ ಈರುಳ್ಳಿ ಮೂಟೆ. ರಾತ್ರಿ ಹನ್ನೆರಡಾದರೂ ಗಲಾಟೆ, ಮಗಳಿಗೆ ಪರೀಕ್ಷೆ ಹೊತ್ತಲ್ಲಿ ಓದೋಕೆ ಆಗಲಿಲ್ಲ. ಈ ಸನ್ನದುಗಳನ್ನು ಕೊಡಲೇಬಾರದು.

ತುಮಕೂರಿನಿಂದ: ಅಕ್ಕಾ, ಯಾರೋ ಮಾಡಿದ್ದಕ್ಕೆ ಎಲ್ಲರನ್ನೂ ಸೇರಿಸಬೇಡಿ. ನನ್ನ 15 ರೂಮಲ್ಲೂ ಹಾಸಿಗೆ ಇದೆ, ರಿಜಿಸ್ಟರ್ ಇದೆ. ಬಂದು ನೋಡಿ.

ಮೈಸೂರಿನಿಂದ: ನಿಮ್ಮ ಪಕ್ಕದ ಮನೆಯವರನ್ನು ಕೇಳಿ, ಅವರು ಹೇಳಲಿ.