ಲ್ಯಾಪ್‌ಟಾಪ್‌ನ ‘ರಿಕವರಿ ಕೀ’ಗೆ ‘ಕೀಲಿ’ ಅನ್ನಬಹುದೇ?

ಮನೆಯಿಂದ ಕೆಲಸ ಮಾಡುವವರ ಬಳಿ ಇರುವ ಕಂಪನಿ ಲ್ಯಾಪ್‌ಟಾಪ್‌ಗಳ ಸುರಕ್ಷತೆಗೆ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ಮೈಸೂರು, ಮಂಡ್ಯದ ಕಡೆಯವರೂ ಹೌದು, ಧಾರವಾಡ, ವಿಜಯಪುರದವರೂ ಹೌದು. ತೊಡಕು ಇರುವುದೇ ಇಲ್ಲಿ: ‘ಕೀಲಿ’ ಎಂದರೆ ಎರಡೂ ಕಡೆ ಒಂದೇ ಅರ್ಥವಲ್ಲ.

ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳುವಾಯಿತು ಅನ್ನಿ. ಲಾಗಿನ್ ಪಾಸ್‌ವರ್ಡ್ ಇದ್ದ ಮಾತ್ರಕ್ಕೆ ಸಾಲದು. ಕದ್ದವನು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಕಡತಗಳನ್ನೆಲ್ಲ ಓದಬಲ್ಲ. ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ ಡಿಸ್ಕಿನಲ್ಲಿರುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಗೂಢಲಿಪಿಯಲ್ಲಿರುತ್ತದೆ, ಅವನಿಗೆ ಏನೂ ದಕ್ಕದು. ಸಾಮಾನ್ಯವಾಗಿ ಯಂತ್ರದೊಳಗೆ ಕೀಗಳನ್ನು ಕಾಯುವ ಟಿಪಿಎಂ ಎಂಬ ಚಿಪ್ ತಾನೇ ಇದನ್ನು ಬಿಡಿಸಿಕೊಡುತ್ತದೆ. ಮದರ್‌ಬೋರ್ಡ್ ಬದಲಾದಾಗಲೋ ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದಾಗಲೋ ಅದಕ್ಕೆ ಅನುಮಾನ ಬಂದರೆ ಮಾತ್ರ ನೀಲಿ ಪರದೆ ಮೂಡಿ 48 ಅಂಕಿಗಳ ‘ರಿಕವರಿ ಕೀ’ ಕೇಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಕೆಟ್ಟ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ಯಂತ್ರಗಳು ಕೈಕೊಟ್ಟಾಗ, ಬಿಟ್‌ಲಾಕರ್ ಇದ್ದವನ್ನು ಸರಿಪಡಿಸಲು ಬೇಕಾದ ಈ ಅಂಕಿಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು.

ಈ ‘ಕೀ’ಗೆ ಕನ್ನಡದಲ್ಲಿ ಏನನ್ನೋಣ? ಕೀಲಿಮಣೆಯ ಜಾಡು ಹಿಡಿದು ‘ಮರುಪ್ರಾಪ್ತಿ ಕೀಲಿ’ ಎಂದು ಬರೆದರೆ ಧಾರವಾಡದ ಕಡೆ ಅರ್ಥವೇ ತಲೆಕೆಳಗು. ಅಲ್ಲಿ ‘ಮನೀಗೆ ಕೀಲಿ ಹಾಕ್ರಿ’ ಅಂದರೆ ಬೀಗ ಹಾಕಿ ಎಂದು. ತೆಗೆಯುವುದಕ್ಕೆ ಕೀಲಿಕೈ ಬೇಕು, ಇಲ್ಲವೇ ಚಾವಿ. ‘ನಿಮ್ಮ ಕೀಲಿಯನ್ನು ಯಾರಿಗೂ ಕೊಡಬೇಡಿ’ ಎಂಬ ಸಾಲು ಅವರಿಗೆ ನಗೆಪಾಟಲು. ಬೀಗವನ್ನು ಯಾರು ಯಾರಿಗೆ ಕೊಡುತ್ತಾರೆ? ‘ಕೀಲಿಕೈ’ ಎಂದರೆ ಎರಡೂ ಕಡೆಯವರಿಗೆ ತಿಳಿಯುತ್ತದೆ, ಆದರೆ 48 ಅಂಕಿಗಳ ಸಾಲನ್ನು ಕೀಲಿಕೈ ಎಂದು ಒಪ್ಪಿಕೊಳ್ಳುತ್ತಾರೋ?

‘ಕೀಲಿ ಸಂಖ್ಯೆ’ ಎಂಬ ಸಲಹೆಯೂ ಬಂದಿದೆ. ನನಗೆ ಇದೇ ಹೆಚ್ಚು ಅಪಾಯದ್ದು ಅನ್ನಿಸುತ್ತದೆ. ಅದೇ ನೀಲಿ ಪರದೆಯಲ್ಲಿ ‘ಕೀ ಐಡಿ’ ಎಂಬ ಇನ್ನೊಂದು ಸಾಲು ಇರುತ್ತದೆ. ಹೆಲ್ಪ್‌ಡೆಸ್ಕ್‌ನವರು ಅದರ ಮೊದಲ 8 ಅಕ್ಷರ ಕೇಳಿ, ಹುಡುಕಿ, 48 ಅಂಕಿಗಳನ್ನು ಓದಿ ಹೇಳುತ್ತಾರೆ. ಐಡಿ ನಮ್ಮಿಂದ ಅವರಿಗೆ, ಕೀ ಅವರಿಂದ ನಮಗೆ. ಎರಡೂ ‘ಸಂಖ್ಯೆ’ಯೇ ಆದರೆ ಹೆಲ್ಪ್‌ಡೆಸ್ಕ್ ಎಂದು ಸುಳ್ಳು ಹೇಳಿ ಫೋನ್ ಮಾಡುವವನಿಗೆ ಹಬ್ಬ: ಐಡಿಯ ಬದಲು ಕೀಯನ್ನೇ ಹೇಳಿಸಿಕೊಳ್ಳುತ್ತಾನೆ. ಇಂಥ ಕರೆಗಳು ಹೊಸದೇನಲ್ಲ. 2020ರ ಜುಲೈಯಲ್ಲಿ ಟ್ವಿಟರ್‌ಗೆ ನುಗ್ಗಿದವರು ಕಂಪನಿಯ ಐಟಿ ವಿಭಾಗದವರಂತೆ ನಟಿಸಿ, ಮನೆಯಲ್ಲಿದ್ದ ನೌಕರರಿಗೆ ವಿಪಿಎನ್ (ಮನೆಯಿಂದ ಕಂಪನಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಿಸುವ ಸಂಪರ್ಕ) ತೊಂದರೆಯ ನೆಪದಲ್ಲಿ ಕರೆ ಮಾಡಿದ್ದರು.

ಎನ್‌ಕ್ರಿಪ್ಶನ್‌ಗೆ ‘ಗೂಢಲಿಪೀಕರಣ’ ಇದೆ, ಗೊತ್ತು. ಅದರ ಜಗಳ ಇನ್ನೊಂದು ದಿನಕ್ಕಿರಲಿ. ಈ ಸೂಚನೆಯಲ್ಲಿ ಎನ್‌ಕ್ರಿಪ್ಟ್ ಎಂದೇ ಬಿಟ್ಟಿದ್ದೇನೆ.

ಸದ್ಯದ ಕರಡು ಹೀಗಿದೆ: ‘ನೀಲಿ ಪರದೆ ಬಂದರೆ ಹೆಲ್ಪ್‌ಡೆಸ್ಕ್‌ಗೆ ನೀವೇ ಫೋನ್ ಮಾಡಿ, ಪರದೆಯ ಮೇಲಿನ ಗುರುತನ್ನು ಓದಿ ಹೇಳಿ. ಅವರು ಕೊಡುವ 48 ಅಂಕಿಗಳ ಕೀಲಿಕೈಯನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಡಬೇಡಿ. ನಿಮ್ಮಿಂದಲೇ ಕೀಲಿಕೈ ಕೇಳುವವರು ಹೆಲ್ಪ್‌ಡೆಸ್ಕ್‌ನವರಲ್ಲ.’

‘ಐಡಿ’ಗೆ ಬರೀ ‘ಗುರುತು’ ಸಾಕೇ? ಕರಾವಳಿ ಮತ್ತು ಬೀದರ್ ಕಡೆ ‘ಕೀಲಿಕೈ’ ಮಾತಿನಲ್ಲಿ ಇದೆಯೇ, ಅಥವಾ ಅಲ್ಲಿನವರಿಗೆ ‘ಕೀ’ ಎಂದೇ ಬಿಡುವುದು ವಾಸಿಯೇ? ಬಲ್ಲವರು ತಿಳಿಸಿ.